ತುಪ್ಪದ ಗಡಿಗೆಯ ಮುಂದೆ ಎರಡು ಚೀಟಿ

ಮದುವೆಮನೆಯ ಅಡುಗೆಕೋಣೆಯಲ್ಲಿ, ಅಡ್ಡಕ್ಕೆ ಬರೆದ ಚೀಟಿ ಹೇಳಿತು: "ಇನ್ನೂರು ಹೋಳಿಗೆ, ನೂರು ಲಾಡು."

ಮೇಲಿನಿಂದ ಕೆಳಕ್ಕೆ ಬರೆದ ಚೀಟಿ ಹೇಳಿತು: "ಲಾಡು ಒಂದಕ್ಕೆ ಒಂದು ಚಮಚ ತುಪ್ಪ, ಹೋಳಿಗೆ ಒಂದಕ್ಕೆ ಮೂರು."

ಚೀಟಿಗಳೆರಡೂ ತಮ್ಮ ಮೊದಲ ಅಂಕಿಗೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಎಂದು ಗುಣಿಸಿ ಕೂಡಿಸಿದವು. "ಐನೂರು ಚಮಚ!"

ತುಪ್ಪದ ಗಡಿಗೆ ನಿಟ್ಟುಸಿರಿಟ್ಟಿತು. "ಇಬ್ಬರೂ ಸುಳ್ಳು ಬರೆದಿಲ್ಲ, ಮಕ್ಕಳೇ. ಆದರೆ ಹೋಳಿಗೆಗೆ ಲಾಡಿನ ತುಪ್ಪ ಹಾಕಿದಿರಿ, ಲಾಡಿಗೆ ಹೋಳಿಗೆಯದು. ಇನ್ನೂರು ಚಮಚ ಕಡಿಮೆ ಬೀಳುತ್ತದೆ. ಕೊನೆಯ ಪಂಕ್ತಿಗೆ ಒಣ ಹೋಳಿಗೆಯೇ ಗತಿ."

"ಕೊನೆಯ ಪಂಕ್ತಿಯಲ್ಲಿ ಕೂರುವವರು ಯಾರು?" ಎರಡನೆಯ ಚೀಟಿ ಕೇಳಿತು.

"ಬೆಳಗಿನಿಂದ ಒಲೆಯ ಮುಂದೆ ಬೆಂದವರು, ಬಡಿಸಿದವರು."

ಎರಡನೆಯ ಚೀಟಿ ತನ್ನನ್ನು ನಡುವೆ ಹರಿದುಕೊಂಡು, ಹೋಳಿಗೆಯ ಸಾಲಿದ್ದ ತುಂಡನ್ನು ಲಾಡಿನ ಸಾಲಿದ್ದ ತುಂಡಿನ ಮೇಲಕ್ಕಿಟ್ಟಿತು. ಮತ್ತೆ ಗುಣಿಸಿದರೆ ಏಳುನೂರು.

ಅಂದು ಬಡಿಸಿದವರ ಎಲೆಗೂ ತುಪ್ಪ ಬಿತ್ತು.