ಸೋತವರ ದೇವರು

ಅಡವೀಶ ಎರಡು ವರ್ಷ ಊಟಕ್ಕೆ ಕರೆದರೂ ಕಿವಿಗೆ ಹಾಕಿಕೊಳ್ಳದೆ ಒಂದು ಕಥೆ ಬರೆದ. ಎಲ್ಲೂ ಇಲ್ಲದ ನಾಡು, ಯಾರೂ ಕೇಳದ ದೇವರುಗಳು, ಮಾತಾಡುವ ಬೆಟ್ಟಗಳು.

ಮರುದಿನ ಅದನ್ನು ಹೊಳೆಯಾಚೆ ಪಡುವಣ ದಂಡೆಯ ಮಸೀದಿಯ ಅಂಗಳದಲ್ಲಿ ಓದುವುದಿತ್ತು. ಹೋದ ವರ್ಷ ದೇವರ ಹೆಸರಿನಲ್ಲಿ ಎರಡೂ ದಂಡೆಯವರು ತಲೆ ಒಡೆದುಕೊಂಡಿದ್ದರು. ತನ್ನ ಕಥೆ ಅವರನ್ನು ಕೂಡಿಸುತ್ತದೆಂದು ಅವನು ಗಟ್ಟಿಯಾಗಿ ನಂಬಿದ್ದ.

ಮೊದಲು ಮಠದ ಸ್ವಾಮಿಗಳಾದ ಅಜ್ಜಾರ ಒಪ್ಪಿಗೆ ಬೇಕಲ್ಲ. ಮಠದ ಕಟ್ಟೆಯ ಮೇಲೆ ಅವರೆದುರು ಕೂತು ಓದತೊಡಗಿದ. ಅವನನ್ನು ಕರೆಯಲು ಆಚೆ ದಂಡೆಯಿಂದ ಬಂದಿದ್ದ ದೋಣಿಯ ದಸ್ತಗೀರಸಾಬನೂ ಕೇಳುತ್ತ ಕೂತ.

ಕಥೆಯ ಕೊನೆಗೆ ಎರಡು ಕುಲದವರು ಬಯಲಲ್ಲಿ ನಿಂತು ತಮ್ಮ ತಮ್ಮ ದೇವರನ್ನು ಕೂಗಿದರು. ಮೂಡಣದವರ ದೇವರು ಬೆಂಕಿಯಾಗಿ ಇಳಿದು ಬಂದ. ಪಡುವಣದವರ ದೇವರು ಬರಲಿಲ್ಲ. ಪಡುವಣದವರೂ ಬೆಂಕಿಗೆ ಕೈಮುಗಿದರು. ಎಲ್ಲರೂ ಒಂದಾದರು.

"ಅಲ್ಲಿಗೆ ಜಗಳ ಮುಗೀತ್ರಿ," ಎಂದು ಅಡವೀಶ ಹಿಗ್ಗಿನಿಂದ ತಲೆ ಎತ್ತಿದ.

ದಸ್ತಗೀರಸಾಬನ ಮುಖ ಸಣ್ಣಗಾಗಿತ್ತು.

ಅಜ್ಜಾರು ಕೇಳಿದರು, "ಪಡುವಣದವರೊಳಗ ಒಬ್ಬರಾದ್ರೂ ತಮ್ಮ ದೇವರ ಕೂಡ ಉಳಿದ್ರೇನೋ?"

"ಒಬ್ಬಾಕಿ ಮುದುಕಿ ಉಳದಾಳ್ರಿ. ಬರಲಾರದ ದೇವರಿಗೆ ದಿನಾ ಗುಡ್ಡ ಹತ್ತಿ ಕೈಮುಗೀತಾಳ. ಮಂದಿ ನಗಲಿ ಅಂತ ಬರದೀನ್ರಿ."

"ಹೆಸರೇನು ಆಕಿದು?"

"ಹೆಸರು ಇಟ್ಟಿಲ್ರಿ."

ಅಜ್ಜಾರು ಪುಸ್ತಕ ಇಸಿದುಕೊಂಡರು. ಮುದುಕಿಯ ಹಾಳೆ ತೆರೆದು ಕಟ್ಟೆಯ ಮೇಲಿಟ್ಟರು. ಆಮೇಲೆ ಕೆಳಗಿಳಿದು, ಅದರ ಮುಂದೆ ನೆಲಕ್ಕೆ ಹಣೆ ಹಚ್ಚಿ ಅಡ್ಡಬಿದ್ದರು.

ಊರಿಗೆ ಊರೇ ಕಾಲಿಗೆ ಬೀಳುವ ಅಜ್ಜಾರು! ದಸ್ತಗೀರಸಾಬ ಗಾಬರಿಯಿಂದ ಎದ್ದು ನಿಂತ.

"ಏನ್ ಮಾಡಾಕತ್ತೀರಿ ಅಜ್ಜಾರ!" ಅಡವೀಶ ಕೂಗಿದ. "ಆಕಿ ನಾ ಹುಟ್ಟಿಸಿದಾಕಿ! ಅದೂ ಸೋತ ಕಡಿಯಾಕಿ!"

"ಬೆಂಕಿ ಕಣ್ಣಿಗೆ ಕಂಡ ಮ್ಯಾಲೆ ನಂಬಾಕ ಏನು ಉಳೀತೋ? ನಿನ್ನ ಕಥಿಯೊಳಗ ನಂಬಿದಾಕಿ ಈಕಿ ಒಬ್ಬಾಕಿನ."

ಎರಡು ವರ್ಷ ಬರೆದ ಅಡವೀಶನಿಗೆ ಇದು ಕಂಡಿರಲಿಲ್ಲ.

"ಹಂಗಾದ್ರ ನಾಳೆ ಓದೂದು ಬ್ಯಾಡೇನ್ರಿ?"

"ಓದು. ಆದ್ರ ಆಕಿ ಮಗ್ಗಲಕ್ಕ ನನ್ನ ಹೆಸರು ಬರದು ಓದು."

"ನಿಮ್ಮ ಹೆಸರು?" ಎಂದ ಅಡವೀಶ. "ಅವರ ದೇವರು ಬರಲೇ ಇಲ್ಲಲ್ರೀ!"

ಅಜ್ಜಾರು ಹಣೆಯ ಮಣ್ಣು ಒರೆಸಿಕೊಳ್ಳಲಿಲ್ಲ.

"ಅರವತ್ತು ವರ್ಷ ಆತಪಾ ನಾ ಕರ್ಯಾಕತ್ತಿ. ನನ್ನ ದೇವರೂ ಬಂದಿಲ್ಲ."