ಕ್ಯಾಮೆರಾ ಕಣ್ಣಿನ ಕಾವಲುಗಾರ

"ಕೇಳಿರಪ್ಪೋ ಕೇಳಿ! ಕಡಲಕೋಟೆಯ ದೊರೆ ನರಸಿಂಗರಾಯರ ಅಪ್ಪಣೆ! ರಾಜಕುಮಾರಿ ಪದ್ಮಾಂಬೆಯವರ ಕ್ಯಾಮೆರಾ ಲೆನ್ಸಿಗೆ ತಕ್ಕ ಕಾವಲು ಗಾಜು ಆರಿಸಿ, ಅವರ ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿಯ ಕೈ, ಅರ್ಧ ರಾಜ್ಯ. ತಪ್ಪಿದವನಿಗೆ ತಲೆದಂಡ!"

ಡಂಗುರ ಗಾಜಿನ ಕೇರಿಗೂ ಬಂತು. ಅಲ್ಲಿ ಕನ್ನಡಕದ ಗಾಜು ಉಜ್ಜುತ್ತ ಕೂತಿದ್ದ ಈರಭದ್ರ ಕೈ ನಿಲ್ಲಿಸಿ ಕಿವಿಗೊಟ್ಟ. ಕಡಲ ಉಪ್ಪುಗಾಳಿ, ಮರಳು ತಾಗಿ ರಾಜಕುಮಾರಿಯ ಎರಡು ಲೆನ್ಸು ಹಾಳಾದ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಉಳಿದದ್ದು ಒಂದೇ.

"ಹೋಗಬೇಡ ಮಗಾ," ಎಂದಳು ತಾಯಿ ಸಣ್ಣವ್ವ. "ಗಾಜು ಒಡೆದರೆ ಇನ್ನೊಂದು ಉಜ್ಜಬಹುದು. ತಲೆ ಹೋದರೆ?"

"ಅವ್ವಾ, ಗಾಜಿನ ಮಾತಿಗೆ ನಾವೇ ಬಾಯಿ ಬಿಡದಿದ್ದರೆ ಇನ್ಯಾರು ಬಿಡಬೇಕು?" ಎಂದು ಈರಭದ್ರ ಒಗೆದ ಪಂಚೆ ಉಟ್ಟು ಹೊರಟ. ಕೆಲಸ ಕಲಿಸಿದವಳು ಅವಳೇ. ಅವಳು ಮತ್ತೆ ತಡೆಯಲಿಲ್ಲ.

ಸಭೆಯ ನಡುವೆ ಮೇಜಿನ ಮೇಲೆ ಹತ್ತಾರು ಗಾಜಿನ ಬಿಲ್ಲೆಗಳಿದ್ದವು. ಪಕ್ಕದಲ್ಲಿ ತನ್ನ ಕ್ಯಾಮೆರಾ ಇಟ್ಟುಕೊಂಡು ರಾಜಕುಮಾರಿ ನಿಂತಿದ್ದಳು. ಅವಳ ಬೆರಳುಗಳಿಗೆ ಚಿತ್ರ ತೊಳೆಯುವ ಮದ್ದಿನ ಕಲೆ ಹತ್ತಿತ್ತು.

"ಇದು ಮೊದಲನೆಯದು," ಎಂದಳು. "ನನ್ನ ಬಾಗಿಲಿಗೆ ಕಾವಲುಗಾರ ಬೇಕು. ಅವನು ಸದಾ ನಿಂತಿರಬೇಕು, ಆದರೆ ಒಳಬರುವ ಅತಿಥಿಯ ಕಣ್ಣಿಗೆ ಬೀಳಬಾರದು. ಅತಿಥಿಯ ಮೈಮೇಲಿನ ಒಡವೆಯಲ್ಲಿ ಒಂದನ್ನೂ ಕಿತ್ತುಕೊಳ್ಳಬಾರದು. ಅಂಥವನು ಯಾರು?"

ನೆರೆರಾಜ್ಯದ ಯುವರಾಜ ನುಗ್ಗಿ ಬಂದು ನೀಲಿ ಬಿಲ್ಲೆ ಎತ್ತಿಕೊಂಡ. "ಇಲ್ಲಿ ಇದಕ್ಕಿಂತ ಬೆಲೆಬಾಳುವ ಗಾಜಿಲ್ಲ. ಇದೇ!"

"ಅದರೊಳಗಿಂದ ನೋಡಿದರೆ ನನ್ನ ಕೆಂಪು ಸೀರೆ ಕಪ್ಪಾಗಿ ಕಾಣುತ್ತದೆ, ಯುವರಾಜರೇ," ಎಂದಳು ಪದ್ಮಾಂಬೆ. ಭಟರು ಅವನನ್ನು ಎಳೆದೊಯ್ದರು.

ಸೇನಾಪತಿಯ ಮಗ ಹೆಬ್ಬೆರಳು ದಪ್ಪದ ಗಾಜು ಹಿಡಿದು, "ಇದು ಕತ್ತಿಯೇಟಿಗೂ ಜಗ್ಗದು!" ಎಂದ. ಅದರೊಳಗೆ ಎದುರಿನ ಕಂಬವೇ ಮಂಜಾಗಿ ಕಂಡಿತು. ಅವನೂ ಸೆರೆಮನೆ ಸೇರಿದ. ಇಬ್ಬರ ತಲೆಗೂ ಸಂಜೆಯ ಗಡುವು ಗೊತ್ತಾಯಿತು.

ಮುಂದೆ ಬರಲು ಮತ್ಯಾರಿಗೂ ಧೈರ್ಯವಾಗಲಿಲ್ಲ. ಈರಭದ್ರ ಬಂದಾಗ ಆಸ್ಥಾನಿಕರು, "ಕನ್ನಡಕದವನು!" ಎಂದು ನಕ್ಕರು. ಅವನು ಅತ್ತ ತಿರುಗಲಿಲ್ಲ. ಒಂದೊಂದೇ ಬಿಲ್ಲೆಯನ್ನು ಪಂಚೆಯ ಬಿಳಿ ಅಂಚಿನ ಮೇಲಿಟ್ಟು ನೋಡಿದ. ಬಿಳುಪನ್ನು ಹಳದಿಗೆ ತಿರುಗಿಸಿದ್ದನ್ನು, ಹಸಿರಿಗೆ ತಿರುಗಿಸಿದ್ದನ್ನು ಬದಿಗಿಟ್ಟ. ಕೊನೆಗೆ ಎರಡು ಉಳಿದವು. ಎರಡನ್ನೂ ಕಿಟಕಿಯ ಕಡೆ ಓರೆಯಾಗಿ ಹಿಡಿದ. ಒಂದರಲ್ಲಿ ಕಿಟಕಿ ಕನ್ನಡಿಯಲ್ಲಿ ಕಂಡಂತೆ ಹೊಳೆಯಿತು. ಇನ್ನೊಂದರಲ್ಲಿ ಆ ಪ್ರತಿಬಿಂಬ ಕಂಡೂ ಕಾಣದಷ್ಟು ಮಸುಕು. ಅದನ್ನೇ ಎತ್ತಿ ಹಿಡಿದ.

"ಅಮ್ಮಣ್ಣಿ, ಅತಿಥಿ ಎಂದರೆ ಬೆಳಕು. ಅದರ ಒಡವೆಗಳು ಬಣ್ಣಗಳು. ಬಣ್ಣವಿಲ್ಲದ ಈ ತೆಳು ಗಾಜೇ ನಿಮ್ಮ ಕಾವಲುಗಾರ. ಇದರ ಎರಡೂ ಮೈಗೆ ಲೇಪ ಹಚ್ಚಿದ್ದಾರೆ. ಬಂದ ಬೆಳಕನ್ನು ಹಿಂದಕ್ಕೆ ಅಟ್ಟದೆ ಒಳಗೆ ಬಿಡುತ್ತದೆ."

ನಗು ನಿಂತಿತು. ರಾಜಕುಮಾರಿ ಒಂದು ಹೆಜ್ಜೆ ಮುಂದೆ ಬಂದಳು.

"ಎರಡನೆಯದು. ಆ ಕಾವಲುಗಾರನಿಗೆ ಮೆಚ್ಚಿ ಕಿರೀಟ ತೊಡಿಸಿದೆ. ಮರುಗಳಿಗೆಯೇ ನನ್ನ ಮನೆಯ ನಾಲ್ಕು ಮೂಲೆಗೂ ಕತ್ತಲೆ ಕವಿಯಿತು. ತಪ್ಪು ಎಲ್ಲಿ?"

ಈರಭದ್ರ ಲೆನ್ಸನ್ನು ಬಗ್ಗಿ ನೋಡಿದ. ಅದು ಇಡೀ ಕಡಲತೀರವನ್ನೇ ಒಂದು ಚಿತ್ರದಲ್ಲಿ ಹಿಡಿಯುವ ಅಗಲನೋಟದ ಲೆನ್ಸು. "ಕಿರೀಟ ಎತ್ತರವಾಯಿತು ಅಮ್ಮಣ್ಣಿ. ಗಾಜಿನ ಸುತ್ತಲಿನ ಬಳೆ ದಪ್ಪವಾದರೆ ಅದರ ಅಂಚೇ ಚಿತ್ರದ ಮೂಲೆಗೆ ಅಡ್ಡ ಬರುತ್ತದೆ. ಬಳೆ ತೆಳ್ಳಗಿರಲಿ. ತಿರುಪು ಲೆನ್ಸಿನ ಅಳತೆಗೆ ಕೂದಲೆಳೆ ವ್ಯತ್ಯಾಸವಿಲ್ಲದೆ ಕೂರಲಿ."

"ಕೊನೆಯದು," ಎಂದಳು. ದನಿ ತಗ್ಗಿತ್ತು. "ಇಷ್ಟು ನಂಬಿದ ಕಾವಲುಗಾರನೂ ಒಮ್ಮೊಮ್ಮೆ ನನಗೆ ಸುಳ್ಳು ಹೇಳುತ್ತಾನೆ. ಒಂದು ದೀಪವಿದ್ದರೆ ಎರಡು ಎನ್ನುತ್ತಾನೆ. ಅವನನ್ನು ಏನು ಮಾಡಲಿ?"

ಈರಭದ್ರ ಮತ್ತೆ ಮೇಜಿನತ್ತ ನೋಡಿದ. ಇದಕ್ಕಿಂತ ಒಳ್ಳೆಯ ಗಾಜು ಆ ಮೇಜಿನ ಮೇಲೆ ಇರಲಿಲ್ಲ. ಹಾಗಾದರೆ ಬದಲಿಸಬೇಕಾದ್ದು ಗಾಜನ್ನಲ್ಲ ಎಂದು ಅವನಿಗೆ ಹೊಳೆಯಿತು.

"ಬಿಚ್ಚಿ ಡಬ್ಬಿಯಲ್ಲಿಡಿ," ಎಂದ.

ದೊರೆ ಸಿಂಹಾಸನದಿಂದ ಎದ್ದೇಬಿಟ್ಟ. "ಏನೆಂದೆ? ಕಾವಲು ಆರಿಸಲು ಬಂದವನು ಕಾವಲನ್ನೇ ತೆಗೆ ಎನ್ನುತ್ತೀಯಾ? ಯಾರಲ್ಲಿ!"

ತಲೆ ಕಡಿಯುವ ಭಟನ ಕೈ ಹೆಗಲ ಮೇಲೆ ಬಿತ್ತು. ಈರಭದ್ರ ದೊರೆಗೆ ಕೈಮುಗಿದ.

"ಮಹಾಪ್ರಭು, ಮರಳು ಹಾರುವಲ್ಲಿ, ತೆರೆ ಸಿಡಿಯುವಲ್ಲಿ ಈ ಗಾಜು ಇರಲೇಬೇಕು. ಏಟು ಬಿದ್ದರೆ ತಾನು ಒಡೆದು ಲೆನ್ಸನ್ನು ಉಳಿಸಲೂಬಹುದು. ಆದರೆ ಕತ್ತಲ ಕೋಣೆಯಲ್ಲಿ ದೀಪಕ್ಕೆ ಎದುರಾಗಿ ಹಿಡಿದಾಗ, ಗಾಜಿಗೂ ಲೆನ್ಸಿಗೂ ನಡುವೆ ಬೆಳಕು ಪುಟಿದು ಇಲ್ಲದ ದೀಪವೊಂದನ್ನು ತೋರಿಸುತ್ತದೆ. ಎಷ್ಟು ಉತ್ತಮ ಗಾಜಾದರೂ ಅಷ್ಟೇ. ಗಾಜು ಉಜ್ಜುವವನು ಗಾಜಿನ ಗುಣವನ್ನೂ ಹೇಳಬೇಕು, ದೋಷವನ್ನೂ ಹೇಳಬೇಕು. ತಲೆ ಉಳಿಸಿಕೊಳ್ಳಲು ನಾನು ಸುಳ್ಳು ಹೇಳಲಾರೆ."

ಪದ್ಮಾಂಬೆ ಆ ಗಾಜನ್ನು ಲೆನ್ಸಿಗೆ ಕೂರಿಸಿ, ಪರದೆಗಳನ್ನು ಎಳೆಸಿ ಒಂದೇ ಒಂದು ದೀಪ ಹಚ್ಚಿಸಿದಳು. "ಅಪ್ಪಾಜಿ, ನೀವೇ ನೋಡಿ."

ದೊರೆ ಕ್ಯಾಮೆರಾದ ಹಿಂದೆ ಬಗ್ಗಿದ. ಒಳಗೆ ನಿಜದೀಪದ ಜೊತೆ ಒಂದು ಮಬ್ಬು ದೀಪ ತೇಲುತ್ತಿತ್ತು. ಮಗಳು ಗಾಜನ್ನು ತಿರುಗಿಸಿ ಬಿಚ್ಚಿದಳು. ಮಬ್ಬು ದೀಪ ಮಾಯವಾಯಿತು. ದೊರೆ ಮತ್ತೆ ಹಾಕಿಸಿ, ಮತ್ತೆ ತೆಗೆಸಿ, ಮೂರು ಸಲ ನೋಡಿದ ಮೇಲೆ ಆ ಭಟನಿಗೆ ದೂರ ಸರಿಯುವಂತೆ ಕೈಸನ್ನೆ ಮಾಡಿದ.

"ಬೇಕಾದ್ದು ಕೇಳಪ್ಪ."

"ಸೆರೆಯಲ್ಲಿರುವ ಆ ಇಬ್ಬರ ಜೀವ ಉಳಿಸಿ, ಮಹಾಪ್ರಭು. ಗಾಜು ಗೊತ್ತಿಲ್ಲದ್ದು ಸಾಯುವಂಥ ತಪ್ಪಲ್ಲ. ಇನ್ನು ರಾಜಕುಮಾರಿಯವರ ಕೈ... ಅದನ್ನು ಅವರೇ ಹೇಳಬೇಕು."

"ಹಾಗೆ ಕೇಳಿದವನು ನೀನೊಬ್ಬನೇ," ಎಂದಳು ಪದ್ಮಾಂಬೆ. "ನನಗೆ ಒಪ್ಪಿಗೆ."

ಸೆರೆಯ ಬಾಗಿಲು ತೆರೆಯಿತು, ಸಣ್ಣವ್ವನಿಗೆ ಪಲ್ಲಕ್ಕಿ ಹೋಯಿತು. ಅವಳು ಅದನ್ನು ಹತ್ತದೆ ನಡೆದೇ ಬಂದಳು. ಕೈಯಲ್ಲಿನ್ನೂ ಗಾಜಿನ ಹುಡಿ ಮೆತ್ತಿತ್ತು. ಅವಳನ್ನು ಅರಿಯದ ಮಂತ್ರಿ ಬಾಗಿಲಲ್ಲೇ ತಡೆದು, "ಯಾರಮ್ಮ ನೀನು?" ಎಂದ.

"ಗಾಜು ಉಜ್ಜುವವಳು," ಎಂದಳು ಸಣ್ಣವ್ವ, ತಲೆಯೆತ್ತಿ.

ಅದು ದೊರೆಯ ಕಿವಿಗೆ ಬಿತ್ತು. ಅವನು ಎದ್ದು ನಿಂತ. ಸಭೆಯೆಲ್ಲ ಎದ್ದು ನಿಂತಿತು.