ಕೊಂಬಿನ ಕರೆಗೆ ತೆರೆದ ಹಗೇವು

"ಬುದ್ಧೀ, ನಾನು ತಿನ್ನದ ಸಕ್ಕರೆ ನನ್ನ ರಕ್ತಕ್ಕೆ ಎಲ್ಲಿಂದ ಬರುತ್ತದೆ?"

ಮುರಿಗೆಪ್ಪ ಹೀಗೆ ಕೇಳಿದಾಗ ಮಠದ ಜಗಲಿಯ ಮೇಲೆ ಗುರುಗಳ ಹೊರತು ಬೇರೆ ಯಾರೂ ಇರಲಿಲ್ಲ. ಅವನು ಸಿಹಿ ಬಿಟ್ಟಿದ್ದ, ಅನ್ನ ಕಡಿಮೆ ಮಾಡಿದ್ದ, ಮಾತ್ರೆ ತಪ್ಪಿಸಿರಲಿಲ್ಲ. ಆದರೂ ಸಕ್ಕರೆ ಇಳಿದಿರಲಿಲ್ಲ. ಕಾಲಿನ ಹುಣ್ಣು ಮಾಯದಿದ್ದರೆ ಬೆರಳನ್ನೇ ತೆಗೆಯಬೇಕಾದೀತು ಎಂದು ವೈದ್ಯರು ಹೇಳಿದ್ದರು. ಹೋದ ವರ್ಷ ಹೆಂಡತಿ ಜ್ವರದಲ್ಲಿ ತೀರಿಕೊಂಡ ಮೇಲೆ, ಮಗಳು ಒಮ್ಮೆ ಕೆಮ್ಮಿದರೂ ಅವನ ಎದೆ ಹೊಡೆದುಕೊಳ್ಳುತ್ತಿತ್ತು. ಅದನ್ನು ಅವನು ಹೇಳಲಿಲ್ಲ. ಅದು ಕಾಯಿಲೆಗೆ ಸೇರಿದ ಮಾತೆಂದು ಅವನಿಗೆ ಅನಿಸಿರಲಿಲ್ಲ. ಆದರೆ ಗುರುಗಳಿಗೆ ಅದು ಗೊತ್ತಿತ್ತು.

"ಔಷಧ ಬಿಡಬೇಡ, ಪಥ್ಯವನ್ನೂ ಬಿಡಬೇಡ. ಒಂದು ಕತೆ ಕೇಳು" ಎಂದರು ಗುರುಗಳು.

"ಒಂದು ಊರು. ಅಲ್ಲಿಯ ಜೋಳವೆಲ್ಲ ನೆಲದೊಳಗಿನ ಹಗೇವುಗಳಲ್ಲಿತ್ತು. ಹಗೇವಿನ ಬಾಯಿ ತೆರೆದರೆ ಗಾಳಿ ಹೊಕ್ಕು ಕಾಳು ಕೆಡುತ್ತದೆ. ಆದ್ದರಿಂದ ತೆರೆದ ಹಗೇವನ್ನು ಪೂರ್ತಿ ಬರಿದು ಮಾಡಲೇಬೇಕು. ಆ ಊರಿಗೊಂದು ಕಟ್ಟಳೆಯಿತ್ತು. ದಂಡು ಬಂತೆಂದು ಬುರುಜಿನ ಕಾವಲುಗಾರ ಕೊಂಬು ಊದಿದರೆ, ಹಗೇವುಗಳನ್ನು ನೋಡಿಕೊಳ್ಳುವ ಹಗೇವಿನವನು ಯಾರನ್ನೂ ಕೇಳದೆ ಒಂದು ಹಗೇವು ತೆರೆದು ಕಾಳನ್ನು ಬೀದಿಗೆ ಸುರಿಯಬೇಕು. ಕಾದುವವರು ಹಸಿದಿರಬಾರದು. ಈ ಕಟ್ಟಳೆಯಿಂದಲೇ ಊರು ಎಷ್ಟೋ ಸಲ ಉಳಿದಿತ್ತು.

"ಒಮ್ಮೆ ದಂಡು ಬಂದಾಗ ಕಾವಲುಗಾರ ಕೊಂಬು ಊದಲು ತಡಮಾಡಿದ. ಹೊಲದಲ್ಲಿದ್ದ ಅವನ ಮಗ ಹತನಾದ. ಅಂದಿನಿಂದ ಅವನು ಧೂಳೆದ್ದರೆ ಊದಿದ, ಹಕ್ಕಿ ಹಾರಿದರೆ ಊದಿದ. 'ಇವತ್ತು ಯಾರ ದಂಡಪ್ಪಾ, ಕುರಿಯದೋ ಕತ್ತೆಯದೋ?' ಎಂದು ಜನ ನಕ್ಕರು. ಕೊಂಬು ಕೇಳಿದಾಗಲೆಲ್ಲ ಒಂದು ಹಗೇವು ಬರಿದಾಯಿತು. ತಿನ್ನುವವರಿಲ್ಲದ ಕಾಳು ಬೀದಿಯಲ್ಲಿ ಬಿದ್ದು ಮುಗ್ಗಿತು. ಚರಂಡಿ ಕಟ್ಟಿತು, ಬಾವಿಯ ನೀರು ಕೆಟ್ಟಿತು, ಜನ ಹಾಸಿಗೆ ಹಿಡಿದರು. ಆಮೇಲೆ ಯಾರೂ ನಗಲಿಲ್ಲ.

"ಕಾವಲುಗಾರ ಸಿಟ್ಟಿನಿಂದ ಬುರುಜು ಇಳಿದು ಹಗೇವಿನವನ ಬಳಿಗೆ ಬಂದ. 'ಬಂದದ್ದು ಬರೀ ಕುರಿಮಂದೆ. ನಿನಗೇನು ಕಣ್ಣಿಲ್ಲವೇನೋ? ಊರನ್ನೇ ಕೊಲ್ಲುತ್ತಿದ್ದೀಯಲ್ಲ!'

"ಹಗೇವಿನವನು ಒಳಗಿಂದಲೇ ತಲೆಯೆತ್ತಿದ. ಮೈಯೆಲ್ಲ ಹೊಟ್ಟು ಮೆತ್ತಿತ್ತು. 'ನಾನು ನೆಲದ ಕೆಳಗಿನವನು ಅಣ್ಣಾ. ನನಗೆ ದಂಡೂ ಕಾಣದು, ಕುರಿಯೂ ಕಾಣದು. ನಿನ್ನ ಕೊಂಬೊಂದೇ ಕೇಳುತ್ತದೆ. ಅದು ಕೇಳಿದಾಗಲೆಲ್ಲ, ನಿನ್ನ ಮಗ ಇನ್ನೂ ಹೊಲದಲ್ಲೇ ಇದ್ದಾನೆ, ಉಳಿಸಿಕೊಳ್ಳಬಹುದು ಅಂತ ಓಡಿಹೋಗಿ ತೆರೆಯುತ್ತೇನೆ.'

"ಕಾವಲುಗಾರ ತಿರುಗಿ ಬುರುಜು ಹತ್ತಿದ. ದೂರದಲ್ಲಿ ಮತ್ತೆ ಧೂಳೆದ್ದಿತು. ಈ ಸಲ ಅವನು ಕೊಂಬನ್ನು ತುಟಿಗೆ ತರದೆ, ಧೂಳು ಹತ್ತಿರ ಬರುವವರೆಗೆ ನೋಡುತ್ತ ನಿಂತ. ಮನೆಗೆ ಮರಳುವ ದನಗಳು."

ಮುರಿಗೆಪ್ಪ ಎದೆಯ ಮೇಲೆ ಕೈಯಿಟ್ಟುಕೊಂಡ. ಒಳಗೆ ಬಡಿತ ನಡೆಯುತ್ತಲೇ ಇತ್ತು. ಅದನ್ನು ಅವನು ಎಂದೂ ಹೀಗೆ ಆಲಿಸಿರಲಿಲ್ಲ.

"ಹಾಗಾದರೆ ನನ್ನ ಮೈ ನನಗೆ ವೈರಿಯಲ್ಲ ಅನ್ನುತ್ತೀರಾ, ಬುದ್ಧೀ?" ಎಂದ.

"ನಿನ್ನ ಒಂದೊಂದು ಭಯವನ್ನೂ ನಿಜವೆಂದೇ ನಂಬಿ, ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಸುರಿದು ನಿನ್ನನ್ನು ಕಾಯಲು ಎದ್ದು ನಿಂತದ್ದು ಅದೊಂದೇ, ಮುರಿಗೆಪ್ಪ" ಎಂದರು ಗುರುಗಳು.